ರಿಟರ್ನ್ ಕರೆಂಟು

ಕುಳ್ಳಿ ಭೌತಶಾಸ್ತ್ರ ಓದಲು ಹೊರಟದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದ ಅಂದರೆ ವಿಜ್ಞಾನಕ್ಕೇ ನಗು ಬಂದೀತು. ಅವಳು ಹೊರಟದ್ದು ದೊಡ್ಡಪ್ಪನನ್ನು ಸಿಕ್ಕಿಹಾಕಿಸುವುದಕ್ಕೆ. ಅಪ್ಪನನ್ನು ಕೊಂದದ್ದು ದೊಡ್ಡಪ್ಪನ ಜನರೇಟರು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಅಂದರೆ ಅಮ್ಮನಿಗೂ ಅವಳಿಗೂ. ಮನೆಯಲ್ಲಿ ಉಳಿದಿದ್ದವರೇ ಅಷ್ಟು ಜನ. ಹೇಗೆ ಕೊಂದಿತು ಅಂತ ಯಾರಾದರೂ ಕೇಳಿದರೆ ಅಮ್ಮನದು ಒಂದೇ ಉತ್ತರ: "ರಿಟರ್ನ್ ಬಂತು." ಅದಕ್ಕಿಂತ ಮುಂದೆ ಅಮ್ಮನ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಆ ಮುಂದಿನ ಅಕ್ಷರಗಳನ್ನು ತಾನು ಓದಿ ತಿಳಿದು, ದೊಡ್ಡಪ್ಪನ ಮುಖಕ್ಕೆ ಹಿಡಿಯಬೇಕು ಅನ್ನುವುದು ಕುಳ್ಳಿಯ ಹಟ.

ಅಪ್ಪ, ದೊಡ್ಡಪ್ಪ ಇಬ್ಬರೂ ಇದ್ದ ಒಂದು ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡವರು. ಜಗಳವಾಡಿ ಅಲ್ಲ, ನಗುನಗುತ್ತಲೇ. ಈ ಕಡೆ ಹಿಂದಿನ ಕೋಣೆಯಲ್ಲಿ ಅಪ್ಪನ ಪ್ರೆಸ್ಸು. ಬಿಲ್ ಪುಸ್ತಕ, ರಸೀದಿ ಪುಸ್ತಕ, ವಿಸಿಟಿಂಗ್ ಕಾರ್ಡು ಅಂತ ಸಣ್ಣಪುಟ್ಟ ಕೆಲಸ. ಆ ಕಡೆ ದೊಡ್ಡಪ್ಪನ ಐಸಿನ ಅಂಗಡಿ. ಕರೆಂಟು ಹೋದರೆ ಐಸು ನೀರು, ದುಡಿಮೆಯೂ ನೀರು. ಅದಕ್ಕೇ ದೊಡ್ಡಪ್ಪ ಒಂದು ಜನರೇಟರ್ ತಂದು ಹಿತ್ತಿಲಿನಲ್ಲಿ ಕೂರಿಸಿದ್ದ. ಶುರು ಮಾಡಿದರೆ ಅದರ ಬಡಿತಕ್ಕೆ ಪ್ರೆಸ್ಸಿನ ಕೋಣೆಯ ಕಿಟಕಿಯ ಗಾಜೂ ತಾಳ ಹಾಕುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಹೇಗೂ ಕೆಲಸ ನಿಂತಿದೆಯಲ್ಲ ಅಂತ ಅಪ್ಪ ಪ್ರೆಸ್ಸಿನ ಮೋಟರಿನ ಮುಚ್ಚಳ ಬಿಚ್ಚಿಕೊಂಡು ಕೂತ. ಕರೆಂಟು ಯಾವ ಗಳಿಗೆಯಲ್ಲಿ ಬಂದೀತೋ ಅಂತ ಮೊದಲೇ ಹೋಗಿ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದು ಬಂದಿದ್ದ. ಅಷ್ಟು ಜಾಗ್ರತೆಯ ಮನುಷ್ಯ, ಆದರೂ ಹೋದ. ಅಮ್ಮ ಕಿರುಚಿದ್ದು ಕೇಳಿ ಮೊದಲು ಓಡಿಬಂದವನು ದೊಡ್ಡಪ್ಪ. ಬಂದವನು ಮೇನ್ ನೋಡಿದ. ಹಿಡಿಕೆ ಕೆಳಗೇ ಇತ್ತು. "ಮೇನ್ ಆಫೇ ಇತ್ತು, ನಾನು ಕಣ್ಣಾರೆ ನೋಡಿದ್ದೀನಿ" ಅಂತ ಬಂದವರಿಗೆಲ್ಲ ತಾನಾಗಿಯೇ ಹೇಳಿದ. ನಿಜ ಹೇಳುವ ಚಟ ಇದ್ದವರ ಗತಿಯೇ ಇಷ್ಟು. ಮೇನ್ ಆಫ್ ಆಗಿದ್ದ ಮನೆಯೊಳಗೆ ಕರೆಂಟು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಹುಟ್ಟಿದ್ದು ಅವನ ಆ ಮಾತಿನಿಂದಲೇ. "ಪಕ್ಕದಲ್ಲಿ ಜನರೇಟರ್ ಓಡ್ತಿತ್ತಲ್ಲ, ರಿಟರ್ನ್ ಬಂದಿರ್ಬೇಕು" ಅಂತ ನೆರೆದವರಲ್ಲಿ ಯಾರೋ ಅಂದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಅಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಮತ್ತೆ ಬಿಡಲಿಲ್ಲ.

ದೊಡ್ಡಪ್ಪ ಒಂದು ಮಾತೂ ಎದುರಾಡಲಿಲ್ಲ. ಜನರೇಟರನ್ನು ಮಾರಿದ, ಐಸಿನ ವ್ಯಾಪಾರ ಬಿಟ್ಟ, ಹಗ್ಗ ಪೊರಕೆ ಇಟ್ಟುಕೊಂಡು ಕೂತ. ಕರೆಂಟು ಹೋದಾಗ ಆ ಕಡೆ ಮನೆಯಲ್ಲಿ ಮೇಣದ ಬತ್ತಿಯನ್ನೂ ಹಚ್ಚುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡಪ್ಪ ಕಳ್ಳನೋ ಅಲ್ಲವೋ, ಹೆಗಲನ್ನಂತೂ ದಿನಾ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದೇ ಸಾಕ್ಷಿ ಅಂತ ಕುಳ್ಳಿ ದೊಡ್ಡವಳಾಗುತ್ತ ತೀರ್ಮಾನ ಮಾಡಿದಳು. ತಪ್ಪು ಮಾಡದವನು ಯಾಕೆ ಬಾಯಿ ಮುಚ್ಚಿಕೊಂಡಿರುತ್ತಾನೆ?

ಅವಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕ ಸುದ್ದಿ ಗೋಡೆ ದಾಟಿ ಹೋಗಿರಬೇಕು. ಒಂದು ಬೆಳಿಗ್ಗೆ ದೊಡ್ಡಪ್ಪ ಅಂಗಡಿಯಿಂದ ಇಳಿದು ಬಂದು, ರಸ್ತೆಯಲ್ಲಿ ಅವಳಿಗೆ ಅಡ್ಡ ನಿಂತ.

"ಕರೆಂಟಿನ ಪಾಠ ಓದ್ತೀಯಂತೆ ಮಗಳೇ."

ಕುಳ್ಳಿ ಮುಖ ಆ ಕಡೆ ತಿರುಗಿಸಿದಳು. ಮಾತು ಬಿಟ್ಟ ಮನೆ. ಅವನನ್ನು ದೊಡ್ಡಪ್ಪ ಅಂತ ಕರೆದ ನೆನಪೂ ಅವಳಿಗಿರಲಿಲ್ಲ.

"ಸರಿಯಾಗಿ ಓದು. ಅವತ್ತು ನನ್ನ ಕಡೆಯಿಂದ ಬಂತಾ, ಇಲ್ವಾ ಅಂತ ನೋಡಿ ಹೇಳು. ಬಂದಿದ್ರೆ ಬಂತು ಅನ್ನು, ನಾನೇನೂ ಅಂದ್ಕೊಳ್ಳಲ್ಲ. ಎಷ್ಟೋ ಎಲೆಕ್ಟ್ರಿಶಿಯನ್‌ಗಳನ್ನ ಕೇಳ್ದೆ. ಒಬ್ಬ ಬರುತ್ತೆ ಅಂತಾನೆ, ಇನ್ನೊಬ್ಬ ಬರಲ್ಲ ಅಂತಾನೆ. ಈ ಗೊತ್ತಿಲ್ದೆ ಇರೋದಿದೆಯಲ್ಲ, ಅದು ಬೇಡಪ್ಪ."

ಹೇಳ್ತೀನಿ, ಹೇಳದೆ ಬಿಡ್ತೀನಾ ಅಂತ ಮನಸ್ಸಿನಲ್ಲೇ ಹಲ್ಲು ಕಡಿದು ಕುಳ್ಳಿ ಅವನನ್ನು ಬಳಸಿಕೊಂಡು ನಡೆದಳು.

ಲ್ಯಾಬು ನೆಲ ಅಂತಸ್ತಿನಲ್ಲಿತ್ತು. ಉದ್ದನೆಯ ಮರದ ಮೇಜುಗಳು, ಅವುಗಳ ಮೇಲೆ ಹಳಬರು ಕೆತ್ತಿಹೋದ ಹೃದಯಗಳು ಮತ್ತು ಬಾಣಗಳು, ಗೋಡೆಗೆ ಗಾಜಿನ ಬೀರು. ಅಲ್ಲಿ ಪಾಠ ಮಾಡುತ್ತಿದ್ದವರನ್ನು ಹುಡುಗರು ಕನೆಕ್ಷನ್ ಮೇಡಂ ಅಂತ ಕರೆಯುತ್ತಿದ್ದರು. "ಕನೆಕ್ಷನ್ ತೋರಿಸದೆ ಕೀ ಹಾಕಿದ್ರೆ ಕೈ ಮುರೀತೀನಿ" ಅನ್ನುವುದು ಅವರ ಮೊದಲ ಪಾಠ, ಕೊನೆಯ ಪಾಠವೂ ಅದೇ. ಅವರು ಪ್ರತಿ ತಂತಿಯನ್ನೂ ಬೆರಳಿನಲ್ಲಿ ಹಿಡಿದು, ಎಲ್ಲಿಂದ ಹೊರಟು ಎಲ್ಲಿಗೆ ಬಂದು ಸೇರಿತು ಅಂತ ನೋಡಿ, ತಲೆ ಆಡಿಸಿದ ಮೇಲೆಯೇ ಕರೆಂಟು ಹರಿಸುವ ಹಿತ್ತಾಳೆಯ ಪ್ಲಗ್ ಕೀ ಒಳಗಿಡಬೇಕು. ಕುಳ್ಳಿಯ ಮೇಜಿಗೆ ಜೊತೆಯಾದವಳು ಒಬ್ಬ ಎತ್ತರದ ಹುಡುಗಿ. ರೀಡಿಂಗ್ ಸರಿಯಾಗಿ ಬರದಿದ್ದರೆ ಅವಳು ರಬ್ಬರ್ ತೆಗೆದು "ಸಣ್ಣ ತಿದ್ದುಪಡಿ" ಅನ್ನುತ್ತಿದ್ದಳು. ಅವಳ ಗ್ರಾಫಿನಲ್ಲಿ ಚುಕ್ಕಿಗಳೆಲ್ಲ ಸೈನಿಕರಂತೆ ಸಾಲಾಗಿ ನಿಲ್ಲುತ್ತಿದ್ದವು. ಅವಳ ಹೆಸರೂ ತಿದ್ದುಪಡಿ ಅಂತಲೇ ಆಯಿತು.

ಮೊದಲ ಪ್ರಯೋಗ ಓಮನ ನಿಯಮ. ಸೆಲ್ಲು, ರಿಯೋಸ್ಟಾಟ್, ಅಮ್ಮೀಟರ್ ಎಲ್ಲ ಜೋಡಿಸಿ ಆದಮೇಲೆ ಕುಳ್ಳಿ ಕೈ ಎತ್ತಿದಳು.

"ಮೇಡಂ, ಇದರಲ್ಲಿ ರಿಟರ್ನ್ ಎಲ್ಲಿ ಬರುತ್ತೆ?"

"ಯಾವ ರಿಟರ್ನು? ಬಸ್ ಟಿಕೆಟ್ಟಾ?"

ಲ್ಯಾಬೆಲ್ಲ ಗೊಳ್ ಅಂದಿತು. ಅವತ್ತಿನಿಂದ ಕುಳ್ಳಿಗೆ ಅಲ್ಲಿ ರಿಟರ್ನ್ ಅಂತ ಹೆಸರು ಬಿತ್ತು. ಬಿದ್ದರೆ ಬೀಳಲಿ. ಅವಳು ಪ್ರತಿ ವಾರ, ಪ್ರತಿ ಪ್ರಯೋಗದಲ್ಲಿ ಅದನ್ನೇ ಹುಡುಕಿದಳು. ಮೀಟರ್ ಬ್ರಿಡ್ಜಿನ ತಂತಿಯ ಮೇಲೆ ಜಾಕಿಯ ಲೋಹದ ಮೊನೆ ಒತ್ತುತ್ತ ಹೋದರೆ ಒಂದು ಕಡೆ ಗ್ಯಾಲ್ವನೋಮೀಟರಿನ ಮುಳ್ಳು ಎಡಕ್ಕೆ, ಇನ್ನೊಂದು ಕಡೆ ಬಲಕ್ಕೆ, ನಡುವೆ ಒಂದೇ ಒಂದು ಜಾಗದಲ್ಲಿ ಸುಮ್ಮನೆ ನಿಲ್ಲುತ್ತದೆ. ಆ ಸುಮ್ಮನಿರುವ ಜಾಗ ಹುಡುಕುವುದೇ ಪ್ರಯೋಗ. ಉಳಿದವರು ಅದನ್ನು ಹುಡುಕುತ್ತಿದ್ದರೆ ಇವಳು ಮುಳ್ಳು ಎಡಕ್ಕೆ ಹೋದಾಗಲೆಲ್ಲ "ಇದಾ ರಿಟರ್ನು?" ಅಂತ ತಿದ್ದುಪಡಿಯ ಪ್ರಾಣ ತಿನ್ನುತ್ತಿದ್ದಳು.

ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಬಂದ ದಿನ ಅವಳಿಗೆ ಸಿಕ್ಕೇಬಿಟ್ಟಿತು ಅನ್ನಿಸಿತು. ನಿಲ್ಲಿಸಿದ ಬಳೆಯಂಥ ತಾಮ್ರದ ಸುರುಳಿ, ಅದರ ನಡುವೆ ಗಾಜಿನ ಡಬ್ಬಿಯಲ್ಲಿ ಒಂದು ಸಣ್ಣ ಅಯಸ್ಕಾಂತದ ಸೂಜಿ. ಕರೆಂಟು ಬಿಟ್ಟರೆ ಸೂಜಿ ಉತ್ತರ ಬಿಟ್ಟು ಓರೆಯಾಗುತ್ತದೆ. ತಿದ್ದುಪಡಿ ರೀಡಿಂಗ್ ನೋಡಲು ಬಗ್ಗಿದರೆ ಅವಳ ಜಡೆಯ ಕಬ್ಬಿಣದ ಪಿನ್ನಿಗೂ ಅದು ತಲೆ ಆಡಿಸುತ್ತಿತ್ತು, ಹಾಗಾಗಿ ಮೇಡಂ ಎಲ್ಲರ ಪಿನ್ನು, ಬೀಗದ ಕೈ, ಪೆನ್ನು ಕಿತ್ತು ದೂರ ಇಡಿಸಿದ್ದರು. ಆಮೇಲೆ ಕಾಮ್ಯುಟೇಟರ್ ತಿರುಗಿಸಿದರೆ ಕರೆಂಟು ಉಲ್ಟಾ ಹರಿದು, ಸೂಜಿ ಅಷ್ಟೇ ಅಂಶ ಆ ಕಡೆಗೆ ವಾಲಿತು.

"ಇದೇ ಮೇಡಂ! ಉಲ್ಟಾ ಬಂತು! ಇದೇ ರಿಟರ್ನ್!"

ಮೇಡಂ ಈ ಸಲ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಕೂತರು.

"ನೋಡು, ರಿಟರ್ನ್ ಅಂತ ಬೇರೆ ಜಾತಿ ಕರೆಂಟಿಲ್ಲ. ಹೋದದ್ದೆಲ್ಲ ವಾಪಸ್ ಬರ್ಲೇಬೇಕು. ವಾಪಸ್ ಬರೋಕೆ ದಾರಿ ಇಲ್ದಿದ್ರೆ ಅದು ಹೊರಡೋದೇ ಇಲ್ಲ. ಎಲ್ಲಾದ್ರೂ ಒಂದು ಕಡೆ ಸುತ್ತು ಕಡಿದ್ರೆ ಎಲ್ಲಾ ಕಡೆ ನಿಂತುಹೋಗುತ್ತೆ. ಅಷ್ಟು ಸಂಕೋಚದ ಪ್ರಾಣಿ ಅದು. ಈಗ ಹೇಳು, ಈ ಪದ ಎಲ್ಲಿಂದ ತಂದೆ?"

ಕುಳ್ಳಿ ಹೇಳಿದಳು. ಮೊದಲ ಸಲ ಹೊರಗಿನವರ ಮುಂದೆ ಮೇನು, ಹಿಡಿಕೆ, ಜನರೇಟರು ಎಲ್ಲವನ್ನೂ ಹೇಳಿದಳು. ಹೇಳುತ್ತ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳಿಗೆ ಯಾವಾಗಲೂ ಬರುತ್ತಿದ್ದದ್ದು ಸಿಟ್ಟೇ. ಮೇಡಂ ಕೀ ಕಿತ್ತು ಮೇಜಿನ ಮೇಲಿಟ್ಟರು.

"ಬಾಯಲ್ಲಿ ಹೇಳಿದ್ರೆ ನಾನೂ ನಿಮ್ಮೂರ ಎಲೆಕ್ಟ್ರಿಶಿಯನ್ ಥರಾನೇ ಆಗ್ತೀನಿ. ಕ್ಲಾಸ್ ಮುಗಿದ ಮೇಲೆ ಇರು. ಜೋಡಿಸಿ ನೋಡೋಣ."

ಎಲ್ಲರೂ ಹೋದ ಮೇಲೆ ಕುಳ್ಳಿ ಮತ್ತು ತಿದ್ದುಪಡಿ ಆ ಮೇಜಿನ ಮೇಲೆ ಎರಡು ಮನೆ ಕಟ್ಟಿದರು. ಒಂದು ಸೆಲ್ಲು ಬೀದಿಯ ಕರೆಂಟು. ಇನ್ನೊಂದು ಸೆಲ್ಲು ಜನರೇಟರು. ಒಂದು ಪ್ಲಗ್ ಕೀ ಮೇನ್ ಸ್ವಿಚ್ಚು. ಮೇಜಿನ ಅಂಚಿಗೆ ಎಳೆದ ಬರಿ ತಾಮ್ರದ ತಂತಿ ನೆಲ. ಕಂಬದಿಂದ ಎರಡೂ ಮನೆಗೆ ಬರುವ ಎರಡನೆಯ ತಂತಿ, ವಾಪಸ್ ಹೋಗುವ ತಂತಿ, ಇಬ್ಬರಿಗೂ ಒಂದೇ. ಅದಕ್ಕೊಂದು ಕಪ್ಪು ವೈರು. ಅಪ್ಪನಿಗೆ ಏನಿಡುವುದು ಅಂತ ಕುಳ್ಳಿ ಕೇಳಿದಳು. ಮೇಡಂ ರೆಸಿಸ್ಟೆನ್ಸ್ ಬಾಕ್ಸ್ ಅವಳ ಕಡೆ ತಳ್ಳಿದರು. ಒದ್ದೆ ಕೈ ಆದರೆ ಸಾವಿರ ಓಮ್ ಇಟ್ಟುಕೋ ಅಂದರು. ಆ ಡಬ್ಬಿಯಲ್ಲಿ ಪ್ಲಗ್ ಕಿತ್ತರೆ ಅಷ್ಟು ತಡೆ ಸೇರುತ್ತದೆ. ಅವಳು ಸಾವಿರದ ಪ್ಲಗ್ಗನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡಳು. ಡಬ್ಬಿಯ ಒಂದು ತುದಿ ಪ್ರೆಸ್ಸಿನ ವೈರಿಗೆ, ಇನ್ನೊಂದು ತುದಿ ಗ್ಯಾಲ್ವನೋಮೀಟರ್ ಮೂಲಕ ನೆಲಕ್ಕೆ. ಮುಳ್ಳು ಅಲುಗಿದರೆ ಅಪ್ಪನ ಮೈಯಲ್ಲಿ ಕರೆಂಟು ಹರಿದಂತೆ.

ಮೇನ್ ಕೀ ಹೊರಗೆ, ಜನರೇಟರ್ ಆನ್. ಮುಳ್ಳು ಅಲುಗಲಿಲ್ಲ. ಮೇಡಂ ಒಂದು ತಂತಿ ಬಿಚ್ಚಿದರು. "ಕೆಟ್ಟದ್ದನ್ನೇ ಅಂದ್ಕೊಳ್ಳೋಣ. ಆ ಕಪ್ಪು ವೈರು ಕಂಬದ ಹತ್ತಿರ ತುಂಡಾಗಿದೆ, ಜನರೇಟರನ್ನೂ ತಪ್ಪಾಗಿ ಅದಕ್ಕೇ ಸಿಕ್ಕಿಸಿದ್ದಾರೆ ಅಂತಿಟ್ಕೋ." ಬೇರೆ ಕಡೆಗೆ ಕಟ್ಟಿ, ಎಂದಿನಂತೆ ತಂತಿಯ ಮೇಲೆಲ್ಲ ಬೆರಳಾಡಿಸಿ ತಲೆ ಆಡಿಸಿದರು. ಕುಳ್ಳಿ ಜನರೇಟರಿನ ಕೀ ಒಳಗಿಟ್ಟಳು. ಮುಳ್ಳು ಸರ್ರನೆ ಓರೆಯಾಯಿತು.

"ಬಂತು!" ಕುಳ್ಳಿ ಕೂಗಿಕೊಂಡಳು. ತಿದ್ದುಪಡಿ ಚಪ್ಪಾಳೆ ತಟ್ಟಿ, ತಟ್ಟಿದ್ದು ಯಾವುದಕ್ಕೆ ಅಂತ ಹೊಳೆದು ಕೈಗಳನ್ನು ಹಿಂದಕ್ಕೆ ಅಡಗಿಸಿಕೊಂಡಳು. ಕುಳ್ಳಿಗೆ ಅದ್ಯಾವುದೂ ಕಾಣಲಿಲ್ಲ. ಇಷ್ಟು ವರ್ಷ ಬಾಯಿ ಮಾತಾಗಿದ್ದದ್ದು ಈಗ ಮುಳ್ಳಾಗಿ ಗಾಜಿನ ಕೆಳಗೆ ನಿಂತಿತ್ತು. ಇವತ್ತೇ ಹೋಗಿ ಹೇಳಬೇಕು, ಪೊರಕೆ ಕಟ್ಟುವ ಕೈ ನಿಲ್ಲಿಸಿ ಕೇಳಿಸಿಕೊಳ್ಳಲಿ ಅಂತ ಅವಳು ಆಗಲೇ ಬ್ಯಾಗು ಹೆಗಲಿಗೇರಿಸಿದ್ದಳು.

"ತಾಳು" ಅಂದರು ಮೇಡಂ. "ನಿಮ್ಮ ಮೇನ್ ಎಂಥದ್ದು?"

"ಹಳೇದು ಮೇಡಂ. ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ದಪ್ಪ ಹಿಡಿಕೆ."

ಮೇಡಂ ಮುಖ ಸ್ವಲ್ಪ ಬದಲಾಯಿತು. "ಒಂದೇ ತಂತಿ ಕಡಿಯೋ ಮೇನ್ ಆದ್ರೆ ಮಾತ್ರ ಈ ಆಟ ನಡೆಯುತ್ತೆ. ಆ ಥರದ ಪೆಟ್ಟಿಗೆ ಸಾಮಾನ್ಯವಾಗಿ ಎರಡೂ ತಂತಿನ ಒಟ್ಟಿಗೆ ಕಡಿಯುತ್ತೆ." ಬೀರುವಿನಿಂದ ಇನ್ನೊಂದು ಕೀ ತಂದು ಕಪ್ಪು ವೈರು ಮನೆಯೊಳಗೆ ಬರುವ ಜಾಗದಲ್ಲಿ ಸೇರಿಸಿದರು. "ಈಗ ಇದನ್ನೂ ಕೀಳು."

ಕುಳ್ಳಿ ಕಿತ್ತಳು. ಮುಳ್ಳು ಸೊನ್ನೆಗೆ ಬಂದು ನಿಂತಿತು. ಅವಳು ಗಾಜಿನ ಮೇಲೆ ಉಗುರಿನಿಂದ ಬಡಿದಳು.

"ಸಿಕ್ಕಿಕೊಂಡಿದೆ ಮೇಡಂ."

"ಸಿಕ್ಕಿಕೊಂಡಿಲ್ಲ."

"ಇನ್ನೊಂದು ಸೆಲ್ ಹಾಕಿದ್ರೆ?"

"ಹತ್ತು ಹಾಕು. ದಾರೀನೇ ಇಲ್ಲ ಅಂದ್ಮೇಲೆ ಎಷ್ಟು ಹಾಕಿದ್ರೇನು. ಮೊದಲು ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿ ನೋಡು. ಅದರಲ್ಲಿ ಕರೆಂಟಿದ್ರೆ ಮುಟ್ಬೇಡ."

ಕರೆಂಟಿರಲಿಲ್ಲ. ಅಪ್ಪ ಹೋದ ಮೇಲೆ ಮನೆಗೆ ಹೊಸ ವೈರಿಂಗ್ ಮಾಡಿಸಿದ್ದರು. ಹಳೆಯ ಪೆಟ್ಟಿಗೆಯ ವೈರುಗಳನ್ನು ಕತ್ತರಿಸಿ, ಕೀಳುವ ಉಸಾಬರಿ ಯಾಕೆ ಅಂತ ಗೋಡೆಗೇ ಬಿಟ್ಟಿದ್ದರು. ಅಮ್ಮ ಅದರ ಹಿಡಿಕೆಗೆ ಛತ್ರಿ ನೇತುಹಾಕುತ್ತಿದ್ದಳು. ಕುಳ್ಳಿ ಸಂಜೆ ಮನೆಗೆ ಬಂದವಳು ಛತ್ರಿ ತೆಗೆದು ನೆಲಕ್ಕಿಟ್ಟು, ಸ್ಟೂಲ್ ಹತ್ತಿ, ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿದಳು. ಒಂದೇ ಇರಲಿ, ಒಂದೇ ಇರಲಿ ಅಂತ ಬಾಯಲ್ಲಿ ಜಪ. ಒಳಗೆ ಜೇಡರ ಬಲೆ, ಅದರ ಹಿಂದೆ ತಾಮ್ರದ ಅಲಗುಗಳು. ಎರಡಿದ್ದವು. ಹಿಡಿಕೆ ಮೇಲೆತ್ತಿದಳು, ಎರಡೂ ಒಟ್ಟಿಗೆ ಏರಿ ಕಚ್ಚಿಕೊಂಡವು. ಕೆಳಗೆಳೆದಳು, ಎರಡೂ ಒಟ್ಟಿಗೆ ಬಿಟ್ಟುಕೊಂಡವು. ಖಟಾರ್ ಅಂತ ಸದ್ದು ಇಡೀ ಮನೆಗೆ ಕೇಳಿಸಿತು.

ಸ್ಟೂಲಿನ ಮೇಲೇ ನಿಂತು ಅವಳು ಲೆಕ್ಕ ಮುಗಿಸಿದಳು. ಹಿಡಿಕೆ ಕೆಳಗಿದ್ದರೆ ಈ ಮನೆಯೊಳಗೆ ಕರೆಂಟು ಬೀದಿಯಿಂದಲೂ ಬರಲಾರದು, ದೊಡ್ಡಪ್ಪನ ಕಡೆಯಿಂದಲೂ ಬರಲಾರದು. ಆದರೆ ಬಂದಿತ್ತು. ಅಂದರೆ ಆ ಗಳಿಗೆಯಲ್ಲಿ ಹಿಡಿಕೆ ಮೇಲಿತ್ತು. ದೊಡ್ಡಪ್ಪ ಓಡಿಬರುವ ಹೊತ್ತಿಗೆ ಕೆಳಗಿತ್ತು. ಯಾರೋ ಎತ್ತಿದ್ದರು, ಯಾರೋ ಇಳಿಸಿದ್ದರು. ಮನೆಯಲ್ಲಿ ಇದ್ದವರು ಮೂರೇ ಜನ. ಒಬ್ಬ ಮೋಟರಿನ ಮುಂದೆ ಕೂತಿದ್ದ. ಒಬ್ಬಳು ಇನ್ನೂ ಶಾಲೆಗೆ ಸೇರದ ಮಗು, ಈಗ ಸ್ಟೂಲ್ ಹತ್ತಿದರೂ ಆ ಹಿಡಿಕೆ ಅವಳಿಗೆ ಬಿಗಿ. ಇನ್ನು ಉಳಿದದ್ದು ಯಾರು ಅಂತ ಹೇಳಲು ಗ್ಯಾಲ್ವನೋಮೀಟರ್ ಬೇಕಿರಲಿಲ್ಲ. ಇಷ್ಟು ದಿನ ಬೆಟ್ಟ ಅಗೆದು ಅವಳು ಹಿಡಿದದ್ದು ಸ್ವಂತ ತಾಯಿಯನ್ನು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಪ್ರೆಸ್ಸು ಮಾರಿದ ಮೇಲೆ ಅವಳು ಅದೇ ಕೋಣೆಯಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದಳು. ಕೈಯಲ್ಲಿ ದಬ್ಬಣ, ಬೆರಳಿಗೆಲ್ಲ ಒಣಗಿದ ಅಂಟು. ಆ ಸದ್ದು ಅವಳಿಗೆ ಏನು ಹೇಳಿತೋ, ಮುಖ ಬಿಳಿಚಿಕೊಂಡಿತ್ತು.

"ಅದನ್ನ ಯಾಕೆ ಮುಟ್ಟಿದೆ?"

"ರಿಟರ್ನ್ ಬರಲ್ಲಮ್ಮ" ಅಂದಳು ಕುಳ್ಳಿ. "ಇದು ಎರಡೂ ತಂತಿ ಕಡಿಯುತ್ತೆ. ಬರೋಕೆ ದಾರೀನೇ ಇಲ್ಲ. ನೀನು ಎತ್ತಿದ್ದೆ."

ಅಮ್ಮ ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತಳು. ಯಾವತ್ತೋ ಬರಬೇಕಿದ್ದ ನೆಂಟರು ಕೊನೆಗೂ ಬಂದರು ಅನ್ನುವ ಹಾಗಿತ್ತು ಅವಳ ಮುಖ.

"ಹೂಂ. ನಾನೇ ಎತ್ತಿದ್ದು. ಸಾಕಾ? ಇನ್ನು ಕೇಳ್ಬೇಡ."

ಕುಳ್ಳಿ ಅಲ್ಲಿಗೆ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದಳು. ಆದರೆ ಒಂದು ತಂತಿಯನ್ನೂ ಬಿಡದೆ ಹಿಡಿದು ನೋಡುವುದನ್ನು ಅವಳಿಗೆ ಕಲಿಸಿದ್ದರಲ್ಲ, ಕಲಿತ ವಿದ್ಯೆ ಸುಮ್ಮನಿರುತ್ತದೆಯೇ?

"ಯಾಕೆ ಎತ್ತಿದೆ? ಅಪ್ಪ ಒಳಗೆ ಕೈ ಹಾಕಿದ್ದು ಗೊತ್ತಿತ್ತಲ್ಲ."

"ಎದುರು ಮನೇಲಿ ಲೈಟು ಬಂತು. ಕರೆಂಟ್ ಬಂತು, ಹಾಕ್ಲಾ ಅಂತ ಇಲ್ಲಿಂದ ಕೂಗಿ ಕೇಳ್ದೆ. ಹಾಕು ಅಂದ್ರು. ಹಾಕ್ದೆ."

"ಅಪ್ಪ ಹಾಕು ಅಂದ್ರಾ? ಮುಚ್ಚಳ ಬಿಚ್ಚಿಟ್ಕೊಂಡು ಹಾಕು ಅಂತಾರಾ?"

"ಅಂದಂಗೆ ಕೇಳಿಸ್ತು."

"ಜನರೇಟರ್ ಬಡ್ಕೋತಿತ್ತು ಅಂತ ಊರೆಲ್ಲ ಹೇಳುತ್ತೆ. ಹಿಂದಿನ ಕೋಣೆಯಿಂದ ಇಲ್ಲಿಗೆ ಹೇಗೆ ಕೇಳಿಸ್ತು?"

ಅಮ್ಮ ದಬ್ಬಣದ ಮೊನೆಯನ್ನು ಹೆಬ್ಬೆರಳಿಗೆ ಒತ್ತಿಕೊಳ್ಳುತ್ತಿದ್ದಳು.

"ಬಿಡು ಮಗಾ. ನಾನು ಒಪ್ಕೊಂಡೆನಲ್ಲ. ಯಾರಿಗೆ ಬೇಕಾದ್ರೂ ಹೇಳು, ಕೊಂದೋಳು ನಾನೇ ಅಂತ ಹೇಳು. ಅಷ್ಟಕ್ಕೇ ನಿಲ್ಸು."

"ಇಲ್ಲಿಗೆ ಕೇಳಿಸಲ್ಲ ಅಮ್ಮ. ಹೇಳು. ಹಾಕು ಅಂದೋರು ಯಾರು?"

ಹೇಳಬಾರದು ಅಂತ ಅಮ್ಮ ತುಟಿ ಕಚ್ಚಿದ್ದು ಕುಳ್ಳಿಗೆ ಕಂಡಿತು. ಆಮೇಲೆ ಆ ತುಟಿ ತಾನಾಗಿಯೇ ಬಿಟ್ಟುಕೊಂಡಿತು. ಇಷ್ಟು ವರ್ಷ ಒಬ್ಬಳೇ ಹೊತ್ತು ಹೊತ್ತು ಅವಳಿಗೂ ಸುಸ್ತಾಗಿತ್ತು.

"ನೀನು ನಡುಮನೇಲಿ ನಿಂತಿದ್ದೆ. ಜನರೇಟರ್ ಓಡುವಾಗೆಲ್ಲ ಅವರು ಹೇಳಿದ್ದನ್ನ ನನಗೆ, ನಾನು ಹೇಳಿದ್ದನ್ನ ಅವರಿಗೆ ಕೂಗಿ ಹೇಳೋದು ನಿನಗೊಂದು ಆಟ. ನಾನು ಕೇಳಿದ್ದನ್ನ ನೀನು ಅವರಿಗೆ ಕೂಗ್ದೆ. ಆಮೇಲೆ ಈ ಕಡೆ ತಿರುಗಿ, ಅಪ್ಪ ಹಾಕು ಅಂತೆ ಅಮ್ಮಾ ಅಂದೆ. ನಾನು ಹಾಕ್ದೆ." ದಬ್ಬಣವನ್ನು ನೆಲಕ್ಕಿಟ್ಟು ಮತ್ತೆ ಹೇಳಿದಳು. "ಹಾಕಬೇಡ ಅಂದಿರ್ಬೇಕು. ಹಾಕ ಅನ್ನೋದಷ್ಟೇ ನಿನ್ನ ಕಿವಿಗೆ ಬಿತ್ತು. ಬೇಡ ಅನ್ನೋದನ್ನ ಆ ಜನರೇಟರ್ ತಿಂದುಹಾಕ್ತು."

ಕುಳ್ಳಿ ಸ್ಟೂಲಿನಿಂದ 'ಹಾಕು' ಅಂದು ನೋಡಿದಳು, ಸದ್ದಿಲ್ಲದೆ, ತುಟಿಯಲ್ಲೇ. ಆಮೇಲೆ 'ಹಾಕಬೇಡ'. ಹೊರಡುವಾಗ ಎರಡೂ ಒಂದೇ. ಕೊಂದು ಹಾಕುವುದೂ ಕಾಯುವುದೂ ಬಾಲದಲ್ಲಿದೆ. ನೆನಪಾದೀತೇನೋ ಅಂತ ಕಣ್ಣು ಮುಚ್ಚಿದಳು. ಏನೂ ನೆನಪಾಗಲಿಲ್ಲ. ಅಪ್ಪನ ದನಿಯೂ ನೆನಪಿರಲಿಲ್ಲ ಅವಳಿಗೆ. ಆ ದನಿ ಕೊನೆಯ ಸಲ ಹೇಳಿದ್ದನ್ನು ಕೇಳಿಸಿಕೊಂಡವಳು ತಾನೇ, ಅದನ್ನೂ ಅರ್ಧ ಕೇಳಿಸಿಕೊಂಡವಳು. ಮೈಯಲ್ಲಿ ಯಾವಾಗಲೂ ಇರುತ್ತಿದ್ದ ಸಿಟ್ಟನ್ನು ಹುಡುಕಿದಳು, ಅದೂ ಇರಲಿಲ್ಲ. ಅದರ ಜಾಗದಲ್ಲಿ ಬಂದು ಕೂತದ್ದಕ್ಕೆ ಹೆಸರಿಡಲು ಅವಳಿಗೆ ಧೈರ್ಯ ಬರಲಿಲ್ಲ.

"ಅವರು ಕಿರುಚಿದ ತಕ್ಷಣ ಇಳಿಸ್ದೆ" ಅಂದಳು ಅಮ್ಮ. "ಆಗಲೇ ಆಗಿಹೋಗಿತ್ತು. ಭಾವ ಓಡಿಬಂದ್ರು. ಮೇನ್ ಆಫೇ ಇದೆ ಅಂದ್ರು. ಯಾರೋ ರಿಟರ್ನ್ ಅಂದ್ರು. ನಾನು ಎತ್ತಿದೆ ಅಂದಿದ್ರೆ ಯಾಕೆ ಎತ್ತಿದೆ ಅಂತ ಕೇಳ್ತಿದ್ರು. ಆಗ ನಿನ್ನ ಹೆಸರು ಬರ್ತಿತ್ತು. ನೀನು ಅಲ್ಲೇ ನನ್ನ ಸೆರಗು ಹಿಡ್ಕೊಂಡು ನಿಂತಿದ್ದೆ. ರಿಟರ್ನೇ ಬಂತು ಅಂದ್ಬಿಟ್ಟೆ. ಆ ಜನರೇಟರ್ ಸದ್ದಿಲ್ದಿದ್ರೆ ನಿನಗೆ ಪೂರ್ತಿ ಕೇಳಿಸ್ತಿತ್ತು, ಹಾಗಾಗಿ ಪೂರ್ತಿ ಸುಳ್ಳಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ."

"ದೊಡ್ಡಪ್ಪ ತಾನೇ ಕೊಂದೆ ಅಂತ ನಂಬ್ಕೊಂಡು ಕೂತಿದಾರಮ್ಮ."

"ಗೊತ್ತು."

"ಅಷ್ಟು ವರ್ಷದಿಂದ."

"ಗೊತ್ತು ಅಂದ್ನಲ್ಲ" ಅಂತ ಅಮ್ಮ ರೇಗಿದಳು. ಆಮೇಲೆ ದನಿ ಇಳಿಸಿ, "ಅವರೂ ಬೇಡ ಅಂತಿರ್ಲಿಲ್ಲ, ನಿನಗೋಸ್ಕರ ಅಂದಿದ್ರೆ" ಅಂದಳು. ಅದು ನಿಜ ಇರಬಹುದು. ಕೇಳಿ ಹೊರಿಸಬೇಕಿತ್ತು, ಅಷ್ಟೇ.

ಅವತ್ತು ಇಬ್ಬರೂ ಉಂಡರು, ಪಾತ್ರೆ ತೊಳೆದರು, ಮಲಗಿದರು. ಆಕಾಶ ಕಳಚಿ ಬಿದ್ದರೂ ಪಾತ್ರೆ ತೊಳೆಯುವುದು ತಪ್ಪುವುದಿಲ್ಲ. ಬೆಳಿಗ್ಗೆ ಕುಳ್ಳಿ ಹೊರಡುವಾಗ ಅಮ್ಮ ಬಾಗಿಲಿಗೆ ಬರಲಿಲ್ಲ. ಹೇಳು ಅಂತಲೂ ಅನ್ನಲಿಲ್ಲ, ಹೇಳಬೇಡ ಅಂತಲೂ ಅನ್ನಲಿಲ್ಲ. ಹೇಳಲೇಬೇಕು ಅಂತ ಕುಳ್ಳಿ ರಾತ್ರಿಯೇ ನಿಶ್ಚಯ ಮಾಡಿದ್ದಳು. ಮಾತನ್ನೂ ಜೋಡಿಸಿಟ್ಟುಕೊಂಡಿದ್ದಳು: ನಿಮ್ಮ ಕಡೆಯಿಂದ ಬರಲಿಲ್ಲ, ಬರಲು ಸಾಧ್ಯವೇ ಇರಲಿಲ್ಲ, ನಿಮ್ಮದೇನೂ ತಪ್ಪಿಲ್ಲ. ಎಷ್ಟು ಸಣ್ಣ ಮಾತು. ಅದನ್ನು ಕೇಳಿದ ಮನುಷ್ಯ ಅವತ್ತು ಸಂಜೆ ಮನೆಯಲ್ಲಿ ದೀಪ ಹಚ್ಚಿಯಾನು.

ದೊಡ್ಡಪ್ಪ ಅಂಗಡಿ ಮುಂದಿನ ಕಟ್ಟೆಯ ಮೇಲೆ ಕೂತು, ಪೊರಕೆ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತಿದ್ದ. ಯಾವಾಗಲೂ ಆ ಕಡೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಹುಡುಗಿ ಇವತ್ತು ಬಂದು ನಿಂತದ್ದು ನೋಡಿ, ಕಡ್ಡಿಗಳನ್ನು ಪಕ್ಕಕ್ಕಿಟ್ಟು ಎದ್ದುನಿಂತ. ಕೈಯನ್ನು ಪಂಚೆಗೆ ಒರೆಸಿಕೊಂಡ. ಅವನಿಗೆ ತಡೆಯಲಾಗಲಿಲ್ಲ.

"ಗೊತ್ತಾಯ್ತಾ ಮಗಳೇ?"

ಹತ್ತಿರದಿಂದ ನೋಡಿದರೆ ಅವನ ಹುಬ್ಬು ಅಪ್ಪನ ಫೋಟೋದಲ್ಲಿದ್ದ ಹುಬ್ಬೇ. ಕುಳ್ಳಿ ಬಾಯಿ ತೆರೆದಳು. ಬರಲಿಲ್ಲ ಅಂತ ಹೇಳಿದ ಮರುಗಳಿಗೆಯಲ್ಲಿ ಅವನು ಕೇಳುವ ಪ್ರಶ್ನೆ ಅವಳಿಗೆ ಕೇಳಿಸಿತು: ಹಾಗಾದ್ರೆ ಹೇಗಾಯ್ತು? ಅದಕ್ಕೆ ಅಮ್ಮನ ಹೆಸರು ಹೇಳಬೇಕು. ಅಮ್ಮನ ಹೆಸರು ಹೇಳಿದರೆ ಅದರ ಹಿಂದಿನದು ಬರುತ್ತದೆ. ತಮ್ಮನನ್ನು ಕಳೆದುಕೊಂಡ ಮನುಷ್ಯನ ಎದುರು ನಿಂತು 'ನಾನು' ಅನ್ನಬೇಕು.

"ಇಲ್ಲ" ಅಂದಳು. "ಆ ಪಾಠ ಇನ್ನೂ ಬಂದಿಲ್ಲ, ದೊಡ್ಡಪ್ಪ."

ದೊಡ್ಡಪ್ಪನ ಮುಖ ಮೊದಲು ಇಳಿಯಿತು. ಆಮೇಲೆ ಅವಳ ಮಾತಿನ ಕೊನೆಯ ಪದ ತಡವಾಗಿ ಕಿವಿಗೆ ಬಿದ್ದಂತೆ, ಆ ಮುಖ ಅರಳಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ದೊಡ್ಡಪ್ಪ ಅಂದೆಯಲ್ಲ ಮಗಳೇ. ನನ್ನಂಥೋನಿಗೆ ಅಷ್ಟೇ ಹೆಚ್ಚು" ಅಂದ. "ನಿಧಾನಕ್ಕೆ ಓದು. ಬರ್ಲಿ ಬಿಡು, ಬಂದಾಗ ಹೇಳು."

ಹೂಂ ಅಂತ ತಲೆ ಆಡಿಸಿ ಕುಳ್ಳಿ ಬಸ್ ಸ್ಟಾಪಿನ ಕಡೆ ನಡೆದಳು. ಹಿಂದೆ ಅವನು ಪೊರಕೆ ಕಡ್ಡಿ ಕುಟ್ಟುವ ಸದ್ದು ಮತ್ತೆ ಶುರುವಾಯಿತು. ಅವತ್ತಿನಿಂದ ಲ್ಯಾಬಿನಲ್ಲಿ ಮಸೂರ, ಪಟ್ಟಕಗಳ ಪ್ರಯೋಗ. ಕರೆಂಟಿನ ಪಾಠವೆಲ್ಲ ಮುಗಿದಿತ್ತು.